ಎರಡು ಎಸಳು ಕತ್ತರಿಸಿದ ಗುರುತು

ಹನ್ನೆರಡು ವರ್ಷದಲ್ಲಿ ಹುಲಿಗವ್ವನ ಚಿಮಟಕ್ಕೆ ಸಿಕ್ಕು ಹಾಳಾದ ಹೂವು ಹತ್ತೋ ಹನ್ನೊಂದೋ ಇರಬೇಕು. ಅವತ್ತು ಬೆಳಗ್ಗೆ ಒಂದೇ ಸಾಲಿನಲ್ಲಿ ಮೂರು ಮುರಿದು ಬಿದ್ದವು.

ಹನುಮಸಾಗರದಿಂದ ಕುಷ್ಟಗಿ ಕಡೆಗೆ ಹೋಗುವ ರಸ್ತೆಯ ಬದಿಗೆ ಕೊಟ್ರಬಸಪ್ಪ ಸಾವ್ಕಾರರ ಬೀಜದ ಪ್ಲಾಟು. ಸುತ್ತಲೂ ಮೇಲೂ ಬಿಳಿ ಪರದೆ ಕಟ್ಟಿದ್ದಾರೆ, ಒಳಗೆ ಟೊಮ್ಯಾಟೊ ಗಿಡಗಳ ಸಾಲು, ಸಾಲಿಗೊಬ್ಬ ಹೆಣ್ಣುಮಗಳು. ಪಕ್ಕದ ಸಾಲಿನ ಗೌಸಬೀ ಸೆರಗಿನ ಮರೆಯಲ್ಲಿ ಮೊಬೈಲು ಹಿಡಿದು, “ಏ ಹುಲಿಗಿ, ಇಲ್ನೋಡು. ಇದು ನಿನ್ನ ಗಿಡ ಅಲ್ಲೇನ?” ಅಂದಳು.

ಅವಳದೇ. ಮೊಬೈಲಿನಲ್ಲಿ ಸಾವ್ಕಾರರ ಮಗ ರುದ್ರೇಶ ಇಸ್ತ್ರಿ ಅಂಗಿ ಹಾಕಿಕೊಂಡು, ಮಣ್ಣಿನ ಕುಂಡವೊಂದನ್ನು ಕೂಸಿನ ಹಾಗೆ ಎದೆಗೆ ಹಿಡಿದು ನಿಂತಿದ್ದ. ಕುಂಡದಲ್ಲಿ ನೊಣ ಹಿಡಿಯುವ ಗಿಡ. ಅದರ ಎಲೆಯ ತುದಿಗಳು ಹಲ್ಲಿರುವ ಸಣ್ಣ ಸಣ್ಣ ಬಾಯಿಗಳ ಹಾಗೆ ತೆರೆದುಕೊಂಡಿದ್ದವು. ನಡುವೆ ಗೇಣುದ್ದದ ಕಡ್ಡಿ, ಕಡ್ಡಿಯ ತುದಿಗೆ ಐದು ಹಸಿರು ಕಾಯಿ.

“ನಮಸ್ಕಾರ ಸ್ನೇಹಿತರೇ,” ಅನ್ನುತ್ತಿದ್ದ ರುದ್ರೇಶ, ಊರಲ್ಲಿ ಯಾರೂ ಆಡದ ಪುಸ್ತಕದ ಮಾತಿನಲ್ಲಿ. “ಈ ಮಾಂಸಾಹಾರಿ ಗಿಡಕ್ಕೆ ಕೈಯಿಂದ ಪರಾಗಸ್ಪರ್ಶ ಮಾಡಿ, ನಾನು ಮನೆಯಲ್ಲೇ ಬೀಜ ಕಟ್ಟಿಸಿದ್ದೇನೆ. ಇದು ನನ್ನ ಎರಡು ವರ್ಷದ ತಪಸ್ಸು.”

ಮೊದಲನೇ ಹೂವು ಮುರಿದದ್ದು ‘ನಾನು’ ಅಂದಾಗ. ಎರಡನೆಯದು ‘ಮನೆಯಲ್ಲೇ’ ಅಂದಾಗ. ‘ತಪಸ್ಸು’ ಅಂದಾಗ ಮೂರನೆಯದು.

“ತಪಸ್ಸಂತ!” ಅಂದಳು ಹುಲಿಗವ್ವ. “ಎರಡು ವರ್ಷದ ಹಿಂದ ಇದನ್ನ ತಿಪ್ಪಿಗೆ ಒಗದಾವ ಇವನ.”

ನಡೆದದ್ದು ಹಾಗೆಯೇ. ಗಿಡ ತಂದವಳು ರುದ್ರೇಶನ ತಂಗಿ ಶಾಂಭವಿ. ಹುಬ್ಬಳ್ಳಿಯಲ್ಲಿ ಓದುವ ಹುಡುಗಿ, ಆನ್‌ಲೈನ್‌ನಲ್ಲಿ ತರಿಸಿ, ರಜೆಗೆ ಬರುವಾಗ ಊರಿಗೆ ತಂದಿದ್ದಳು. ಮನೆಯವರು ಪ್ರೀತಿಯಿಂದಲೇ ಬೋರಿನ ನೀರು ಹಾಕಿದರು, ಮೇಲೊಂದು ಚಿಟಿಕೆ ಯೂರಿಯಾವನ್ನೂ ಹಾಕಿದರು. ಹದಿನೈದು ದಿನದಲ್ಲಿ ಗಿಡದ ಬಾಯಿಗಳೆಲ್ಲ ಕಪ್ಪಾದವು. “ಒಗದುಬಿಡು ಅದನ್ನ, ಸತ್ತೈತಿ,” ಅಂತ ರುದ್ರೇಶ ಕುಂಡವನ್ನು ಹಿತ್ತಿಲ ತಿಪ್ಪೆಯ ಮೇಲೆ ಇಡಿಸಿದ. ಪಗಾರ ಇಸಿದುಕೊಳ್ಳಲು ಹೋಗಿದ್ದ ಹುಲಿಗವ್ವ ಅದನ್ನು ನೋಡಿದಳು. ಬುಡದಲ್ಲಿ ಉಗುರಿನಷ್ಟು ಹಸಿರು ಇನ್ನೂ ಇತ್ತು.

“ಸಣ್ಣ ಅಕ್ಕಾರ, ಇದನ್ನ ನಾ ಒಯ್ಯಲೇನ್ರಿ? ನಮ್ಮ ಗೀತಾ ಆಡ್ತಾಳ.”

“ಒಯ್ಯಿ ಹುಲಿಗವ್ವ. ಬದುಕಿದ್ರ ನಿಂದs ಅದು,” ಅಂದಿದ್ದಳು ಶಾಂಭವಿ. ಮನೆಯವರೆಲ್ಲರ ಎದುರಿಗೆ ಅಂದಿದ್ದಳು.

ಗೀತಾ ಹುಲಿಗವ್ವನ ಮಗಳು, ಆಗ ಆರು ವರ್ಷದವಳು. ಅವ್ವ-ಮಗಳು ಸೇರಿ ಆ ಗಿಡವನ್ನು ಬದುಕಿಸಿದ್ದು ಓದಿ ಅಲ್ಲ, ನೋಡಿ. ಕುಂಡದ ಅಂಚಿಗೆ ಬಿಳಿ ಉಪ್ಪಿನಂಥದ್ದು ಕಟ್ಟಿತ್ತು. ಅದನ್ನು ಹುಲಿಗವ್ವ ದಿನಾ ನೋಡುತ್ತಿದ್ದಳು, ತನ್ನ ಮನೆಯ ನೀರು ಕಾಯಿಸುವ ಹಂಡೆಯೊಳಗೆ. ಬೋರಿನ ನೀರಿನ ಕೆಲಸವೇ ಅದು. ಹಂಡೆಯನ್ನೇ ತಿನ್ನುವ ನೀರು ಈ ಬೆರಳುದ್ದದ ಜೀವವನ್ನು ಬಿಟ್ಟೀತೇ? ಅಂದಿನಿಂದ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನಲ್ಲಿ ಮೊದಲ ಲೋಟ ಗಿಡಕ್ಕೆ, ಆಮೇಲೆ ಮನೆಯವರಿಗೆ. ಮಣ್ಣೂ ಬದಲಾಯಿತು. ಸಸಿ ಮಾಡುವ ತಟ್ಟೆಗಳಿಗೆ ತುಂಬುತ್ತಾರಲ್ಲ ತೆಂಗಿನ ನಾರಿನ ಪುಡಿ, ಅದನ್ನು ಮೂರು ನೀರಲ್ಲಿ ತೊಳೆದು, ಹಳ್ಳದ ಉಸುಕು ಕಲಸಿ ಹಾಕಿದಳು. ಬೇಸಗೆಯಲ್ಲಿ ಕುಂಡವನ್ನು ಒದ್ದೆ ಮಡಕೆಯೊಳಗೆ ಇಟ್ಟು, ಪ್ಲಾಟಿನಲ್ಲಿ ಹರಿದು ಬಿಸಾಡಿದ ಪರದೆಯ ತುಂಡನ್ನು ಮೇಲೆ ಕಟ್ಟಿದಳು. ಗೊಬ್ಬರ ಅಂತ ಒಂದು ಕಾಳೂ ಇಲ್ಲ. ಅದರ ಊಟ ಅದೇ ಹುಡುಕಿಕೊಳ್ಳುತ್ತಿತ್ತು.

ಓಣಿಯವರು ಸುಮ್ಮನಿದ್ದಾರೆಯೇ?

“ಅಲ್ಲವಾ, ಮಾಂಸ ತಿನ್ನೋ ಗಿಡಾ ಮನಿಯಾಗ ಇಟ್ಟೀಯಲ್ಲ, ಶ್ರಾವಣದಾಗರ ಅದಕ್ಕ ಉಪವಾಸ ಮಾಡ್ಸು!”

“ಅದರ ಬಾಯಿ ನೋಡು, ಥೇಟ್ ನಮ್ಮ ಅತ್ತಿ.”

“ನಿಮ್ಮ ಅತ್ತಿ ಬಾಯಿ ಒಮ್ಮೆರ ಮುಚ್ಚಿದ್ದು ನೋಡೀಯೇನ? ಇದು ಮುಚ್ಚತೈತಿ.”

ಹುಲಿಗವ್ವನ ಅತ್ತೆ ಮುದಕಮ್ಮ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ಕೇಳಿ ನಗುತ್ತಿದ್ದಳು. ನೋಡುವಂತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಮುದುಕಿಗೆ ಬೆಳಕು-ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂದು ಕಾಲಕ್ಕೆ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್‌ಗೆ ಅವಳೇ ಮುಂದಾಳು. ಸೊಸೆಗೆ ಕೆಲಸ ಕಲಿಸಿದವಳೂ ಅವಳೇ.

ಕ್ರಾಸಿಂಗ್ ಅಂದರೆ ಆ ಕಡೆಯ ಹೆಂಗಸರ ಬಾಯಲ್ಲಿ ಒಂದಿಡೀ ಕಸುಬು. ನಾಳೆ ಅರಳಬೇಕಾದ ಟೊಮ್ಯಾಟೊ ಮೊಗ್ಗನ್ನು ಇವತ್ತೇ ಬಿಡಿಸಿ, ಒಳಗಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಒಂದು ಗೀರೂ ಬೀಳಬಾರದು. ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡು ಹೂವಿನ ಹುಡಿ ತಂದು ಅದಕ್ಕೆ ಮುಟ್ಟಿಸಬೇಕು. ಆ ಹುಡಿಗೆ ಇವರು ಪೌಡರ್ ಅನ್ನುತ್ತಾರೆ. ಮುಟ್ಟಿಸಿದ ಕೂಡಲೇ ಹೂವಿನ ಬುಡದ ಐದು ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಅದು ಗುರುತು. ಹಣ್ಣು ಕೆಂಪಾದಾಗ ತೊಟ್ಟಿನ ಬಳಿ ಮೂರೇ ಎಸಳಿದ್ದರೆ ಕೈ ಮುಟ್ಟಿದ ಹಣ್ಣು. ಐದೂ ಇದ್ದರೆ ತಾನೇ ಕಟ್ಟಿಕೊಂಡದ್ದು, ಅದು ಬುಟ್ಟಿಯಿಂದ ಹೊರಗೆ. ಎಲ್ಲರೂ ಪಕ್ಕಪಕ್ಕದ ಎರಡು ಎಸಳು ಕತ್ತರಿಸುತ್ತಾರೆ. ಹುಲಿಗವ್ವ ಮಾತ್ರ ಒಂದು ಬಿಟ್ಟು ಒಂದು. “ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ನಿನ್ನ ಹಣ್ಣು ನಿನಗ ಗೊತ್ತಾಗಬೇಕು,” ಅಂತ ಮುದಕಮ್ಮ ಕಲಿಸಿದ ರೀತಿ ಅದು. ಇಡೀ ಪ್ಲಾಟಿನಲ್ಲಿ ಯಾರ ಬುಟ್ಟಿಯಲ್ಲಿ ಬಂದರೂ ಹುಲಿಗವ್ವನ ಹಣ್ಣು ಹುಲಿಗವ್ವನದೇ ಅಂತ ಗೊತ್ತಾಗುತ್ತಿತ್ತು.

ಆದರೆ ಅಷ್ಟಕ್ಕೇ ಮುಗಿಯಿತು. ಹಣ್ಣು ಹಿಂಡಿ ಬೀಜ ತೆಗೆದ ಮೇಲೆ ಎಸಳು ಎಲ್ಲಿಯದು, ಗುರುತು ಎಲ್ಲಿಯದು? ಬೀಜದ ಪಾಕೀಟಿನ ಮೇಲೆ ಕಂಪನಿಯ ಹೆಸರು ಇರುತ್ತದೆ, ತಳಿಯ ಹೆಸರು ಇರುತ್ತದೆ, ಕೆಂಪು ಟೊಮ್ಯಾಟೊದ ಚಿತ್ರ ಇರುತ್ತದೆ. ಮುಂಜಾನೆ ಏಳರಿಂದ ಕತ್ತು ಬಗ್ಗಿಸಿ ನಿಂತು ಒಂದೊಂದು ಹೂವಿಗೂ ಸೂಲಗಿತ್ತಿಯಾದವಳಿಗೆ ಕಾಗದದಲ್ಲಿ ಒಂದೇ ಹೆಸರು: ಲೇಬರ್. ಹನ್ನೆರಡು ವರ್ಷದಲ್ಲಿ ತನ್ನ ಕೈಯಿಂದ ಎಷ್ಟು ಬೀಜ ಹೋಗಿದೆಯೋ, ಯಾವ ಊರಲ್ಲಿ ಮೊಳೆತಿದೆಯೋ ಹುಲಿಗವ್ವನಿಗೆ ತಿಳಿಯದು. ಅದಕ್ಕೇ ಈ ನೊಣದ ಗಿಡ ಹೂಬಿಟ್ಟಾಗ ಅವಳಿಗೊಂದು ಆಸೆ ಹುಟ್ಟಿತು. ಇದರ ಬೀಜವಾದರೂ ತನ್ನದಾಗಬೇಕು. ತಾನು ಕಟ್ಟಿಸಿದ್ದು ಅಂತ ನಾಲ್ಕು ಮಂದಿಗೆ ಗೊತ್ತಾಗಬೇಕು.

ಮೊದಲ ವರ್ಷ ಸಂಕ್ರಾಂತಿ ಮುಗಿದ ಮೇಲೆ ಕಡ್ಡಿ ಎದ್ದು ಐದು ಮೊಗ್ಗು ಬಂದವು. ಶಾಂಭವಿ ಫೋನಿನಲ್ಲಿ, “ಹೂವಿನ ಕಡ್ಡಿ ಕತ್ತರಿಸಿಬಿಡು ಹುಲಿಗವ್ವ, ಹೂಬಿಟ್ರ ಗಿಡಾ ಸೊರಗ್ತೈತಂತ,” ಅಂದಳು. ಹುಲಿಗವ್ವ ಕತ್ತರಿಸಲಿಲ್ಲ. ಐದು ಸಲ ಹೆತ್ತ ಹೆಂಗಸರು ಬದುಕಿರುವ ಓಣಿ ಅದು, ಐದು ಹೂವಿಗೆ ಈ ಗಿಡ ಸಾಯುತ್ತದೆಯೇ ಅಂತ ಅವಳ ಲೆಕ್ಕ. ಆದರೆ ಕೈ ಹಳೇ ಕೈ. ಅದಕ್ಕೆ ಗೊತ್ತಿದ್ದದ್ದು ಟೊಮ್ಯಾಟೊ. ಅರಳುವ ಹಿಂದಿನ ದಿನ ಮೊಗ್ಗು ಬಿಡಿಸಿದಳು, ಗಂಡು ಕಿತ್ತಳು, ಬಲ್ಬಿನ ಕೆಳಗೆ ಒಣಗಿಸಿದಳು, ಮರುದಿನ ಬೆಳಗ್ಗೆ ಪೌಡರ್ ಮುಟ್ಟಿಸಿದಳು, ಎಸಳು ಕತ್ತರಿಸಿದಳು. ಆಯಿತು ಅಂತ ಕೈ ತೊಳೆದುಕೊಂಡಳು. ಐದಕ್ಕೆ ಐದೂ ಹೂವು ಒಣಗಿ ಕರ್ರಗಾದವು. ಒಂದು ಬೀಜವಿಲ್ಲ.

ಪ್ಲಾಟಿನಲ್ಲಿ ನೂರಕ್ಕೆ ತೊಂಬತ್ತು ಕಾಯಿ ಕಟ್ಟಿಸುವವಳಿಗೆ ಇದು ಅವಮಾನ. ಒಣಗಿದ ಹೂವನ್ನು ಅತ್ತೆಯ ಅಂಗೈಗೆ ಹಾಕಿದಳು. ಮುದಕಮ್ಮ ಅದನ್ನು ಉಗುರಲ್ಲಿ ಬಿಡಿಸಿ, ನಡುವಿನ ಕಡ್ಡಿಯ ತುದಿಯನ್ನು ಬಹಳ ಹೊತ್ತು ಸವರಿದಳು.

“ನುಣ್ಣಗೈತಿ. ಹೆಣ್ಣು ಬಾಯೇ ಬಿಟ್ಟಿಲ್ಲ, ನೀ ತುತ್ತು ಹಾಕೀದಿ.”

“ಟೊಮ್ಯಾಟೊ ಮರುದಿನಕ್ಕ ಬಾಯಿ ಬಿಡ್ತೈತಲ್ಲತ್ತಿ?”

“ಟೊಮ್ಯಾಟೊ ಟೊಮ್ಯಾಟೊ. ಇದು ಯಾವ ದೇಶದ್ದೋ ಏನೋ. ಹೊಸಾ ಸೊಸಿ ಮನಿಗೆ ಬಂದ್ರ, ಅಕಿ ಹಸಿವು ಯಾವಾಗಂತ ನೀ ನೋಡಬೇಕು. ನಿನ್ನ ಗಡಿಯಾರ ಅಕಿಗೆ ಕಟ್ಟಿದ್ರ ಹ್ಯಾಂಗ?”

ಮುಂದಿನ ವರ್ಷ ಹುಲಿಗವ್ವ ಮೊಗ್ಗು ಮುಟ್ಟಲಿಲ್ಲ. ಕಾದಳು. ಹೂವು ತಾನೇ ಅರಳಿತು, ಬಿಳಿ ಎಸಳು, ಹಳದಿ ಹುಡಿ. ಮೊದಲ ದಿನ ನಡುವಿನ ಕಡ್ಡಿ ಗುಂಡುಸೂಜಿಯ ತಲೆಯಂತೆ ನುಣ್ಣಗಿತ್ತು. ಎರಡನೇ ದಿನವೂ ಹಾಗೇ. ಮೂರನೇ ದಿನ ಬೆಳಗ್ಗೆ ಗೀತಾ ಕೂಗಿದಳು, “ಯವ್ವಾ, ಕಸಬರಿಗಿ ಬಂದೈತಿ!” ಹೌದು, ತುದಿ ಬಿಚ್ಚಿಕೊಂಡು, ಸೊಳ್ಳೆಯೊಂದು ತನ್ನ ಮನೆ ಗುಡಿಸುವಷ್ಟು ಸಣ್ಣ ಕಸಬರಿಗೆಯಾಗಿತ್ತು. ಅವತ್ತೇ ಅರಳಿದ್ದ ಪಕ್ಕದ ಹೂವಿನ ಹುಡಿಯನ್ನು ಗೀತಾಳ ಬಣ್ಣದ ಕುಂಚದಲ್ಲಿ ಎತ್ತಿ, ಉಸಿರು ಹಿಡಿದು ಮುಟ್ಟಿಸಿದಳು. ಕೊನೆಗೆ ಅರಳಿದವಕ್ಕೆ ಎಣ್ಣೆಗಾಗದದಲ್ಲಿ ಎತ್ತಿಟ್ಟಿದ್ದ ಹುಡಿ. ಒಂದು ಹೂವಿಗೆ ಒಂದು ಬೆಳಗು, ಹೀಗೆ ಐದು ಹೂವಿಗೆ ಎಂಟು ದಿನ. ಪ್ಲಾಟಿಗೆ ಹೋಗುವ ಮೊದಲು, ಒಲೆಯ ಮೇಲೆ ಚಹಾ ಇಟ್ಟು, ಗೀತಾಳ ಜಡೆ ಅರ್ಧ ಹೆಣೆದು ಬಿಟ್ಟು. ಪ್ರತಿ ಹೂವಿನ ಬುಡದಲ್ಲಿ ಎರಡು ಎಸಳು ಕತ್ತರಿಸಿದಳು, ಒಂದು ಬಿಟ್ಟು ಒಂದು. ಬೇಕಾಗಿರಲಿಲ್ಲ. ಅಲ್ಲಿ ಬೇರೆ ಯಾರ ಕೈಯೂ ಇರಲಿಲ್ಲವಲ್ಲ. ಆದರೂ ಗುರುತು ಹಾಕದೆ ಕೆಲಸ ಮುಗಿಯಿತು ಅನಿಸುತ್ತಿರಲಿಲ್ಲ.

ಕಾಯಿ ಉಬ್ಬತೊಡಗಿದ ವಾರ ರುದ್ರೇಶ, ಮರುದಿನ ಬೇಗ ಕೆಲಸಕ್ಕೆ ಬಾ ಅಂತ ಹೇಳಲು ಮನೆಗೆ ಬಂದ. ಗಿಡ ನೋಡಿ ಬಾಯಿ ತೆರೆದ. “ಎರಡ ದಿನ ಕೊಡು ಹುಲಿಗವ್ವ. ಅಪ್ಪಾರಿಗೆ ತೋರ್ಸಿ ಕಳಸ್ತೀನಿ.” ಇವಳು ಕೊಟ್ಟಳು. ಸಾವ್ಕಾರರ ಮನೆಯವರಿಗೆ ಇಲ್ಲ ಅನ್ನುವ ಅಭ್ಯಾಸ ನಾಲಿಗೆಗೆ ಇರಲಿಲ್ಲ. “ಬೋರಿನ ನೀರು ಹಾಕಬ್ಯಾಡ್ರಿ,” ಅಂತ ಮೂರು ಸಲ ಹೇಳಿದಳು, ಒಂದು ಕ್ಯಾನು ನೀರನ್ನೂ ಜೊತೆಗೆ ಕಳಿಸಿದಳು. ಎರಡು ದಿನ ಹೋಗಿ ಹನ್ನೊಂದು ದಿನವಾಯಿತು. ಕೇಳಲು ಹೋದರೆ ರುದ್ರೇಶನ ತಾಯಿ ಶೇಖರಮ್ಮ, “ಅದು ನಮ್ಮ ಶಾಂಭವಿ ತಂದಿದ್ದ ಗಿಡಾ ಅಲ್ಲೇನ? ಇರ್ಲಿ ಬಿಡು, ಎಲ್ಲಿಗಿ ಓಡಿ ಹೋಗ್ತೈತಿ,” ಅಂದರು.

ಹನ್ನೆರಡನೇ ದಿನ ಈ ವಿಡಿಯೋ.

ಮಧ್ಯಾಹ್ನ ಊಟದ ಹೊತ್ತಿಗೆ ರುದ್ರೇಶ ಪ್ಲಾಟಿಗೆ ಬಂದಾಗ ಹುಲಿಗವ್ವ ಬುತ್ತಿ ಬಿಚ್ಚದೆ ಎದ್ದು ಹೋದಳು.

“ಸಣ್ಣ ಸಾವ್ಕಾರ್ರ, ವಿಡಿಯೋದಾಗ ನೀವು ಬೀಜ ಕಟ್ಸೀನಿ ಅಂದೀರಿ.”

“ಹೇ, ಅದು ವಿಡಿಯೋ ಹುಲಿಗವ್ವ. ವಿಡಿಯೋದಾಗ ಹಂಗ ಅನ್ನಬೇಕಾಗ್ತೈತಿ.”

“ಹಂಗಂದ್ರ ಹ್ಯಾಂಗ್ರಿ? ಮುಟ್ಟಿದಾಕಿ ನಾನು.”

“ಅಯ್ಯ, ಯಾರ ಮುಟ್ಟಿದ್ರೇನು? ನಾಳಿ ಕೊಪ್ಪಳದಾಗ ಹೂವು-ಹಣ್ಣಿನ ಪ್ರದರ್ಶನ ಐತಿ, ಅಲ್ಲಿ ಇಡ್ತೀವಿ. ನಮ್ಮ ಊರ ಹೆಸರು ಬರ್ತೈತಿ. ನಿನಗೊಂದು ಛಲೋ ಸೀರಿ ಕೊಡ್ಸೂಣಂತ, ಸಿಟ್ಟಾಗಬ್ಯಾಡ.”

ಸೀರೆ! ಎದೆಯಿಂದ ಕೂಸನ್ನು ಕಿತ್ತುಕೊಂಡು, ಅಳಬೇಡ ಅಂತ ಬೆಲ್ಲದ ಚೂರು ಕೊಟ್ಟ ಹಾಗೆ. ಹುಲಿಗವ್ವ ಬಿಚ್ಚದ ಬುತ್ತಿಯ ಕಡೆ ತಿರುಗಿ ನಡೆದಳು. ಸಿಟ್ಟು ಬಂದಾಗ ಮಾತು ಬರದಿರುವುದೇ ಅವಳ ದೊಡ್ಡ ಸಿಟ್ಟು. ಸಂಜೆ ರೊಟ್ಟಿ ಬಡಿಯುತ್ತ ಅತ್ತೆಗೆ ಎಲ್ಲ ಹೇಳಿದಳು. ರೊಟ್ಟಿಗಳು ಅವತ್ತು ಮಾಮೂಲಿಗಿಂತ ತೆಳ್ಳಗಾದವು, ಅಷ್ಟು ಬಡಿದಿದ್ದಳು.

ಮುದಕಮ್ಮ ಕೇಳಿ ಮುಗಿಸಿ ಒಂದೇ ಮಾತು ಕೇಳಿದಳು. “ಸೀರಿ ಉಟಗೊಂಡು ಕುಂದರಾಕೀಯೋ, ಗಿಡಾ ತರಾಕೀಯೋ?”

“ಕೆಲಸ ಬಿಡಿಸ್ತಾರತ್ತಿ.”

“ಬಿಡಿಸ್ಲಿ. ಕೈ ಬಿಡಿಸ್ಕೊಂಡು ಒಯ್ತಾರೇನು?”

ಮರುದಿನ ಹುಲಿಗವ್ವ, ಗೌಸಬೀ, ಗೀತಾ ಮೂವರೂ ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಕೊಪ್ಪಳಕ್ಕೆ ಹೋದರು. ಒಂದು ದಿನದ ಕೂಲಿ ಹೋಯಿತು ಅಂತ ಗೌಸಬೀ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು, ಆದರೆ ಕಿಟಕಿಯ ಸೀಟನ್ನು ಬಿಟ್ಟುಕೊಡಲಿಲ್ಲ.

ಶಾಮಿಯಾನದ ಕೆಳಗೆ ಸಾಲು ಮೇಜು. ದಾಳಿಂಬೆ, ಪೇರಲ, ಅಂಜೂರ, ಗುಲಾಬಿ. ಮೂಲೆಯ ಮೇಜಿನ ಸುತ್ತ ಮಕ್ಕಳ ಗುಂಪು. ಅಲ್ಲಿತ್ತು ಕುಂಡ. ಮಣ್ಣಿನ ಕುಂಡ ಚೆಂದ ಕಾಣುವುದಿಲ್ಲ ಅಂತ ಅದಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿದ್ದರು. ಎದುರಿಗೆ ಕಾರ್ಡು: ‘ಮಾಂಸಾಹಾರಿ ಸಸ್ಯ. ಮನೆಯಲ್ಲೇ ಬೀಜೋತ್ಪಾದನೆ. ಸಂಶೋಧನೆ: ರುದ್ರೇಶ, ಹನುಮಸಾಗರ.’

ಗೀತಾ ಗಟ್ಟಿಯಾಗಿ ಓದಿದಳು. ಮೂರನೇ ಇಯತ್ತೆಯ ಹುಡುಗಿ, ಎಲ್ಲಾ ಬೋರ್ಡು ಗಟ್ಟಿಯಾಗಿಯೇ ಓದುತ್ತಾಳೆ. ಆಮೇಲೆ ತಲೆಯೆತ್ತಿ ಕೇಳಿದಳು, “ಯವ್ವಾ, ನಿನ್ನ ಹೆಸರೆಲ್ಲೈತಿ?”

ಹುಲಿಗವ್ವನ ನಾಲಿಗೆಯ ಗಂಟು ಬಿಚ್ಚಿದ್ದು ಆ ಪ್ರಶ್ನೆಗೆ.

ಅಷ್ಟರಲ್ಲಿ ನೋಡಿ ಅಂಕ ಹಾಕುವ ಕನ್ನಡಕದ ಮೇಡಂ ಒಬ್ಬರು ಪುಸ್ತಕ ಹಿಡಿದು ಬಂದರು. ಬಗ್ಗಿ ಕಾಯಿ ನೋಡಿದರು. ನಿಜವಾಗಿ ಸಂತೋಷಪಟ್ಟರು. “ಈ ಬಿಸಿಲಲ್ಲಿ ಇದಕ್ಕೆ ಕಾಯಿ ಕಟ್ಟಿಸಿದ್ದೀರಲ್ಲ, ಸಣ್ಣ ಕೆಲಸ ಅಲ್ಲ. ಪರಾಗ ಯಾವಾಗ ಮುಟ್ಟಿಸಿದಿರಿ?”

“ಸಿಂಪಲ್ ಮೇಡಂ,” ಅಂದ ರುದ್ರೇಶ. “ಹಿಂದಿನ ದಿನ ಮೊಗ್ಗು ಬಿಡಿಸಿ ಗಂಡು ತಗದಬಿಡೋದು, ಮರುದಿನ ಮುಂಜಾನಿ ಪೌಡರ್ ಮುಟ್ಸೋದು. ಟೊಮ್ಯಾಟೊಕ್ಕ ಹೆಂಗೋ ಹಂಗ.”

“ಹಂಗ ಮಾಡಿದ್ರ ಒಂದು ಬೀಜಾನೂ ಕಟ್ಟಂಗಿಲ್ರಿ.”

ಎಲ್ಲರೂ ತಿರುಗಿದರು. ಹುಲಿಗವ್ವ ಮಕ್ಕಳನ್ನು ಸರಿಸಿಕೊಂಡು ಮೇಜಿನ ಮುಂದೆ ಬಂದಿದ್ದಳು.

“ನಾ ಹೋದ ವರ್ಷ ಹಂಗ ಮಾಡಿ ಐದಕ್ಕೈದೂ ಹೂವು ಕಳಕೊಂಡೀನ್ರಿ ಮೇಡಮ್ಮಾರ. ಸಾವ್ಕಾರ್ರು ನನ್ನ ತಪ್ಪು ಒಂದs ಕಲತಾರ, ಉಳಿದದ್ದು ಕಲತಿಲ್ಲ.”

ರುದ್ರೇಶ ನಗಲು ನೋಡಿದ. “ನಮ್ಮ ಲೇಬರ್ ರೀ ಮೇಡಂ. ಪ್ಲಾಟಿನ್ಯಾಗ ಕೆಲಸ ಮಾಡ್ತಾಳ. ನಾ ಹೇಳಿದಂಗ ಇಕಿ ಕೈಲೆ ಮಾಡ್ಸೀನಿ, ಅಷ್ಟ.”

“ನೀವು ಹೇಳಿ ಮಾಡ್ಸೀರಿ?” ಹುಲಿಗವ್ವನ ದನಿ ಈಗ ದಾಳಿಂಬೆಯ ಮೇಜಿನವರಿಗೂ ಕೇಳುತ್ತಿತ್ತು. “ಹಂಗಾದ್ರ ಹೇಳ್ರಿ, ಹೆಣ್ಣು ಬಾಯಿ ಬಿಡೋದು ಎಷ್ಟನೇ ದಿನಕ್ಕ? ಬಿಟ್ಟಾಗ ಹ್ಯಾಂಗ ಕಾಣ್ತೈತಿ? ನುಣ್ಣಗೋ, ಒರಟೋ? ಗಿಡಕ್ಕ ಯಾವ ನೀರು ಹಾಕೀನಿ? ಬುಡಕ್ಕ ಏನು ತುಂಬೀನಿ? ಹೇಳ್ರಿ! ನೀವು ಹೇಳಿದ್ದು ಒಂದs ಮಾತು, ‘ಒಗದುಬಿಡು’ ಅಂತ.”

ರುದ್ರೇಶ ಕುಂಡದ ಬಂಗಾರದ ಕಾಗದವನ್ನು ಸರಿಮಾಡತೊಡಗಿದ. ಮೇಡಂ ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದರು.

“ನೀವೇ ಹೇಳಿ,” ಅಂದರು ಆಮೇಲೆ ಹುಲಿಗವ್ವನಿಗೆ.

“ಮೂರನೇ ದಿನಕ್ಕ್ರಿ. ಮೊದಲೆರಡು ದಿನ ನುಣ್ಣಗಿರ್ತೈತಿ, ಆವಾಗ ಪೌಡರ್ ಹಾಕಿದ್ರ ಬಂಡಿಗಲ್ಲಿನ ಮ್ಯಾಲ ಹಿಟ್ಟು ಉದರಿಸಿದಂಗ, ಗಾಳಿಗಿ ಹೋಗ್ತೈತಿ. ಮೂರನೇ ದಿನ ತುದಿ ಬಿಚ್ಚಿ ಸಣ್ಣ ಕಸಬರಿಗಿ ಆಗ್ತೈತಿ. ಅವತ್ತs ಅರಳಿದ ಬಾಜೂಕಿನ ಹೂವಿನ ಪೌಡರ್ ಮುಟ್ಟಿಸ್ಬೇಕು. ಒಂದು ದಿನ ತಡಾ ಆದ್ರ ಮುಗೀತು. ಇನ್ನ ಈ ಕಾಯಿ ಬುಡಾ ನೋಡ್ರಿ. ಐದು ಎಸಳಿರಬೇಕು, ಮೂರs ಅದಾವ. ಒಂದು ಬಿಟ್ಟು ಒಂದು ಇಲ್ಲ. ಐದೂ ಕಾಯಿಗೆ ಹಂಗ. ಯಾಕಿಲ್ಲಂತ ಸಾವ್ಕಾರ್ರನ್ನ ಕೇಳ್ರಿ.”

ಮೇಡಂ ಕನ್ನಡಕ ಹಣೆಗೇರಿಸಿ ಕಾಯಿಯ ಬುಡ ನೋಡಿದರು. ಒಂದು, ಎರಡು, ಐದೂ.

“ಅದು... ಹುಳಾ ತಿಂದಿರ್ಬೇಕ್ರಿ ಮೇಡಂ,” ಅಂದ ರುದ್ರೇಶ.

ಗೌಸಬೀ ಇಷ್ಟು ಹೊತ್ತು ಕಷ್ಟಪಟ್ಟು ತಡೆದುಕೊಂಡಿದ್ದಳು. “ಯಾ ಅಲ್ಲಾ! ಹುಳಾ ತಿನ್ನೋ ಗಿಡಾನ ಹುಳಾ ತಿಂತಂತ! ಅದೂ ಕತ್ತರಿ ಹಿಡಕೊಂಡು, ಒಂದು ಬಿಟ್ಟು ಒಂದು!”

ಮಕ್ಕಳು ಮೊದಲು ನಕ್ಕರು, ಆಮೇಲೆ ದಾಳಿಂಬೆಯವರು, ಕೊನೆಗೆ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ಕಾವಲಿನವನೂ ನಕ್ಕ. ಹುಲಿಗವ್ವ ನಗಲಿಲ್ಲ. ಮೇಡಂ ಅವಳ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. “ಕಾರ್ಡು ಬದಲಾಯಿಸಿ,” ಅಂದರು ರುದ್ರೇಶನಿಗೆ. “ಮಧ್ಯಾಹ್ನ ಊಟ ಆದ್ಮ್ಯಾಲ ಮಾಡ್ತೀನ್ರಿ,” ಅಂದ ಅವನು.

ಊಟ ಆದ ಮೇಲೆ! ಅವಳ ಹೆಸರು ಬರೆಯಲು ಅವನಿಗೆ ಹೊಟ್ಟೆ ತುಂಬಬೇಕಿತ್ತು. ಹುಲಿಗವ್ವ ಬಂಗಾರದ ಕಾಗದವನ್ನು ಚರ್ರನೆ ಹರಿದು ಮೇಜಿನ ಮೇಲಿಟ್ಟಳು, ಕುಂಡ ಸೊಂಟಕ್ಕೆ ಎತ್ತಿಕೊಂಡಳು, ಮಗಳ ಕೈ ಹಿಡಿದಳು.

“ಕಾರ್ಡು ನಿಮಗಿರ್ಲಿ ಸಾವ್ಕಾರ್ರ. ಅದಕ್ಕ ಬೋರಿನ ನೀರು ಹಾಕಿದ್ರೂ ನಡೀತೈತಿ.”

ಬಸ್ಸಿನಲ್ಲಿ ಕಂಡಕ್ಟರ್ ಕುಂಡಕ್ಕೆ ಅರ್ಧ ಟಿಕೀಟು ಕೇಳಿದ. “ಆರು ವರ್ಷದೊಳಗಿಂದು ಐತ್ರಿ,” ಅಂದಳು ಗೌಸಬೀ. ಬಿಟ್ಟ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಬರಿದಾದ ಮೇಜಿನ ಮೇಲೆ ರುದ್ರೇಶನ ಕಾರ್ಡು ಪ್ರದರ್ಶನ ಮುಗಿಯುವ ಮಟ ನಿಂತೇ ಇತ್ತಂತೆ, ಅಲ್ಲಿಗೆ ಹೋಗಿ ಬಂದವರು ಹೇಳಿದರು. ಗಿಡವಿಲ್ಲದಿದ್ದರೂ ಸಂಶೋಧನೆ ಇತ್ತು! ವಿಡಿಯೋ ಕೂಡಾ ಹಾಗೇ ಇತ್ತು, ಕೆಳಗೆ ಅಭಿನಂದನೆಗಳ ಸಾಲು. ಮರುದಿನ ಪ್ಲಾಟಿನ ಗೇಟಿನಲ್ಲಿ, “ನಿನಗ ಇವತ್ತ ಕೆಲಸ ಇಲ್ಲ,” ಅಂದರು. ಹುಲಿಗವ್ವ ಚಿಮಟವನ್ನು ಕುಪ್ಪಸಕ್ಕೆ ಸಿಗಿಸಿಕೊಂಡು ತಿರುಗಿದಳು. ಚಿಮಟ ಅವಳ ಸ್ವಂತದ್ದು. ಎರಡು ದಿನ ಮನೆಯಲ್ಲಿ ಕೂತಳು. ಮೂರನೇ ದಿನ ಕುಷ್ಟಗಿ ಕಡೆಯ ಬೇರೊಂದು ಪ್ಲಾಟಿನ ಗಾಡಿ ಬಾಗಿಲಿಗೇ ಬಂತು. ಅವಳ ಕೈ ಎಂಥದು ಅಂತ ಬೀಜದ ಮಂದಿಗೆಲ್ಲ ಗೊತ್ತಿತ್ತು, ಬರೆಯಬೇಕಾದ ಕಡೆ ಮಾತ್ರ ಯಾರೂ ಬರೆದಿರಲಿಲ್ಲ.

ಇನ್ನೊಂದು ವಾರಕ್ಕೆ ಕಾಯಿಗಳು ಒಡೆದವು. ಒಳಗೆ ಮಿರಿಮಿರಿ ಕಪ್ಪು ಬೀಜ, ಉಳ್ಳಾಗಡ್ಡಿ ಬೀಜಕ್ಕಿಂತ ಸಣ್ಣವು. ಗೀತಾ ಊದಿಬಿಡುತ್ತಾಳೆ ಅಂತ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಹುಲಿಗವ್ವ ಸೂಜಿಯ ತುದಿಯಿಂದ ಒಂದೊಂದೇ ಸರಿಸಿದಳು. ಅರ್ಧದಷ್ಟು ಬೀಜಗಳನ್ನು ತೊಳೆದ ನಾರಿನ ಪುಡಿಯ ಮೇಲೆ ಹಾಗೇ ಉದುರಿಸಿ, ಒದ್ದೆ ಮಡಕೆಯೊಳಗೆ ಇಟ್ಟಳು.

ಆ ಭಾನುವಾರ ರುದ್ರೇಶ ಬೈಕಿನಲ್ಲಿ ಬಂದ. ಅಂಗಳದಲ್ಲಿ ನಿಂತು ಚಾವಿ ತಿರುಗಿಸುತ್ತ, “ನಾಳಿಂದ ಕೆಲಸಕ್ಕ ಬಾ ಹುಲಿಗವ್ವ,” ಅಂದ. ಅವಳ ಸಾಲಿಗೆ ಹಾಕಿದ ಹೊಸ ಹುಡುಗಿಯರು ಮೊಗ್ಗಿನ ಜೊತೆ ಹೆಣ್ಣು ಕಡ್ಡಿಯನ್ನೂ ಕಿತ್ತು, ಸಾಲಿಗೆ ಸಾಲೇ ಬಂಜೆಯಾಗಿದೆ ಅಂತ ಗೌಸಬೀ ಮೊದಲೇ ಹೇಳಿದ್ದಳು.

“ಬರಂಗಿಲ್ರಿ.”

“ವಿಡಿಯೋ ಅಳಿಸೀನಲ್ಲ, ಇನ್ನೇನು?”

“ಅಳಿಸಿದ್ರ ಏನಾತ್ರಿ? ನೀವು ಅಂದಿದ್ದು ಸಾವಿರ ಮಂದಿ ಕೇಳ್ಯಾರ. ಅಳಿಸಿದ್ದು ಯಾರ ಕೇಳ್ಯಾರ? ಅದs ಮೊಬೈಲಿನ್ಯಾಗ ನಿಂತು, ಮಾಡಿದಾಕಿ ಇಕಿ ಅಂತ ಅನ್ರಿ. ಆವಾಗ ಮಾತಾಡೂಣು.”

ರುದ್ರೇಶ ಚಾವಿ ತಿರುಗಿಸುವುದನ್ನು ನಿಲ್ಲಿಸಿದ. ಹೋಗುವವನ ಹಾಗೆ ಬೈಕಿನ ಕಡೆ ತಿರುಗಿ, ಮತ್ತೆ ಇತ್ತ ತಿರುಗಿದ. ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. “ಶಾಂಭವಿ ಫೋನ್ ಮಾಡಿದ್ಲು. ಅಕಿಗೆ ನಾಕು ಬೀಜ ಬೇಕಂತ. ನನ್ನ ಕೈಯಾಗ ಕೊಡಬೇಕಂತ.”

ಶಾಂಭವಿಯ ಮೇಲೆ ಹುಲಿಗವ್ವನಿಗೆ ಸಿಟ್ಟಿರಲಿಲ್ಲ. ಬದುಕಿದರೆ ನಿನ್ನದೇ ಅಂದವಳು ಆ ಮನೆಯಲ್ಲಿ ಅವಳೊಬ್ಬಳೇ. ಹುಲಿಗವ್ವ ಒಳಗೆ ಹೋಗಿ, ಪೌಡರ್ ಇಡುವ ಎಣ್ಣೆಗಾಗದ ಮಡಚಿ ಸಣ್ಣ ಪಾಕೀಟು ಮಾಡಿದಳು. ಹತ್ತು ಬೀಜ ಎಣಿಸಿ ಹಾಕಿದಳು. ಗೀತಾಳ ಸ್ಕೆಚ್ ಪೆನ್ನು ತೆಗೆದುಕೊಂಡು, ಏಳನೇ ಇಯತ್ತೆಯ ನಂತರ ರುಜು ಬಿಟ್ಟು ಬೇರೇನೂ ಬರೆಯದ ಕೈಯಲ್ಲಿ, ಮೊಗ್ಗು ಬಿಡಿಸುವಷ್ಟೇ ನಿಧಾನವಾಗಿ ಪಾಕೀಟಿನ ಮೇಲೆ ಒಂದು ಸಾಲು ಬರೆದಳು. ಮಸಿ ಒಣಗುವ ಮಟ ಊದಿ, ಹೊರಗೆ ತಂದು ಕೊಟ್ಟಳು.

ರುದ್ರೇಶ ಅದನ್ನು ನೋಡದೆಯೇ ಜೇಬಿಗೆ ಹಾಕಲು ಹೋದ.

“ತಮ್ಮಾ,” ಅಂದಳು ಕಟ್ಟೆಯ ಮೇಲಿಂದ ಮುದಕಮ್ಮ. “ಸೊಸಿ ಏನೋ ಬರದಾಳಲ್ಲ, ಪೆನ್ನಿನ ಸಪ್ಪಳ ಕೇಳ್ತು. ನನಗ ಕಣ್ಣು ಕಾಣಂಗಿಲ್ಲಪ್ಪ. ಏನ್ ಬರದಾಳ, ಓದು ನೋಡೂಣು.”

ಗೀತಾ ಓದಲು ಬಾಯಿ ತೆರೆದಳು. ಹುಲಿಗವ್ವ ಅವಳ ಭುಜ ಅದುಮಿದಳು.

ಬೀದಿಯಲ್ಲಿ ನೀರಿನ ಕ್ಯಾನು ಹೊತ್ತ ಇಬ್ಬರು ಹೆಂಗಸರು ನಿಂತಿದ್ದರು. ರುದ್ರೇಶ ಪಾಕೀಟು ತಿರುಗಿಸಿ, ಗಂಟಲಲ್ಲೇ ಓದಿದ.

“ಕೇಳಲಿಲ್ಲಪ್ಪ,” ಅಂದಳು ಮುದಕಮ್ಮ. “ಕಿವಿನೂ ಮಂದ ಆಗ್ಯಾವ. ಗಟ್ಟಿಯಾಗಿ ಓದು.”

ಅವಳ ಕಿವಿ ಎಷ್ಟು ಚುರುಕು ಅಂತ ಓಣಿಗೆಲ್ಲ ಗೊತ್ತಿತ್ತು.

“ನೊಣ ಹಿಡಿಯೋ ಗಿಡದ ಬೀಜ,” ಓದಿದ ರುದ್ರೇಶ, ಈ ಸಲ ಎಲ್ಲರಿಗೂ ಕೇಳುವಂತೆ. “ಕಟ್ಟಿಸಿದಾಕಿ ಹುಲಿಗವ್ವ, ಹನುಮಸಾಗರ.”